ನಮ್ಮ ಹೊಳೆಗಳು, ಅವುಗಳ ಮೇಲಿನ ಹಕ್ಕು ಮತ್ತು ಆನೆಗಳು

ನಮ್ಮ ಹಾಲು ಉತ್ಪಾದಕರ ಸಂಘವು ಇಪ್ಪತ್ತೈದು ವರ್ಷ ಪೂರೈಸಿರುವ ಈ ಸಂದರ್ಭದಲ್ಲಿ ಸಂಚಿಕೆಗೆ ನಮ್ಮ ಸೀಮೆಯ ಚರಿತ್ರೆ ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ರಾಜರ ಕತೆ, ಚಿನ್ನದ ಗಣಿಯ ಕತೆ ಬೇಕಾದಷ್ಟು ಬಂದಿವೆ. ಡೇರಿ ಮುಂದೆ ಕ್ಯಾನ್ ಇಟ್ಟುಕೊಂಡು ನಿಂತ ಸದಸ್ಯರ ಬಾಯಲ್ಲಿ ದಿನಾ ಬರುವ ಮಾತು ಎರಡು: ನೀರಿಲ್ಲ, ಆನೆ ಬಂತು. ಇವೆರಡಕ್ಕೂ ಇರುವ ನಂಟನ್ನೇ ಬರೆಯೋಣ ಅಂತ ತೀರ್ಮಾನಿಸಿದೆವು.

ನಮಗೆ ಹೊಳೆ ಅಂತ ಹೇಳಿಕೊಳ್ಳಲು ಇರುವುವು ಪಾಲಾರ್ ಮತ್ತು ಮಾರ್ಕಂಡೇಯ. ಪಾಲಾರ್ ಅಂದರೆ ಹಾಲಿನ ಹೊಳೆ. ಹಾಲಿನ ಸಂಘದವರಾದ ನಮಗೆ ಹೆಸರೇನೋ ಒಪ್ಪುತ್ತದೆ, ಆದರೆ ವರ್ಷದ ಹೆಚ್ಚಿನ ದಿನ ಅದರಲ್ಲಿ ಕಾಣುವುದು ಮರಳು. ಅದು ಬೇತಮಂಗಲ, ರಾಮಸಾಗರ ಕೆರೆಗಳನ್ನು ತುಂಬಿಸಿ ಆಂಧ್ರದ ಕುಪ್ಪಂ ಕಡೆಯಿಂದ ತಮಿಳುನಾಡಿಗೆ ಹೋಗುತ್ತದೆ. ಮಾರ್ಕಂಡೇಯ ಹೊಳೆ ಬೂದಿಕೋಟೆ ಮಗ್ಗುಲಲ್ಲಿ ಹರಿದು, ಗಡಿ ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎರಡೂ ನಮ್ಮಲ್ಲಿ ಉಳಿಯುವ ನೀರಲ್ಲ.

ಬೇತಮಂಗಲದ ಕೆರೆ ಬಹಳ ಹಳೆಯದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ನೊಳಂಬರ ಕಾಲದಲ್ಲಿ ಕೆರೆ ದುರಸ್ತಿಯಾದ ವಿಚಾರ ಶಾಸನದಲ್ಲಿದೆ. ಚಿನ್ನದ ಗಣಿಗಳು ಬೆಳೆದ ಮೇಲೆ ಕೆ.ಜಿ.ಎಫ್. ಪಟ್ಟಣಕ್ಕೆ ಕುಡಿಯುವ ನೀರು ಇದೇ ಕೆರೆಯಿಂದ ಹೋಯಿತು. ಕೆರೆಯ ಅಚ್ಚುಕಟ್ಟುದಾರರ ಜೊತೆಗೆ ಪಟ್ಟಣವೂ ಒಬ್ಬ ಪಾಲುದಾರನಾಯಿತು ಅನ್ನಬಹುದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ ಪಟ್ಟಣದ ಬಾಯಾರಿಕೆ ಮುಚ್ಚಲಿಲ್ಲ.

ಈಗ ಹಕ್ಕಿನ ವಿಚಾರ. 1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಕಾವೇರಿ ಜಗಳದಲ್ಲಿ ಇದರ ಹೆಸರು ಎಲ್ಲರೂ ಕೇಳಿದ್ದಾರೆ. ಆದರೆ ಅದರ ಪಟ್ಟಿಯಲ್ಲಿರುವ ಹದಿನೈದು ಮುಖ್ಯ ನದಿಗಳಲ್ಲಿ ನಮ್ಮ ಪಾಲಾರ್ ಇದೆ, ಉತ್ತರ ದಕ್ಷಿಣ ಪಿನಾಕಿನಿಗಳೆರಡೂ ಇವೆ ಅನ್ನೋದು ನಮ್ಮ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಈ ನದಿಗಳಿಗೆ ಮೈಸೂರಿನವರು ಹೊಸ ನೀರಾವರಿ ಜಲಾಶಯ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು. ಕೆಳಗಿನವರು ಮೊದಲಿನಿಂದ ಅನುಭವಿಸಿಕೊಂಡು ಬಂದ ಹಕ್ಕನ್ನು ಕಾಪಾಡುವ ಕಾರಣಕ್ಕಲ್ಲದೆ ಮದ್ರಾಸು ಒಪ್ಪಿಗೆ ನಿರಾಕರಿಸುವಂತಿಲ್ಲ. ಮೇಲಿನವರಾದ ನಮಗೆ ಇದು ಕೈಕಟ್ಟಿದಂತೆ ಕಂಡರೂ ಕೆಳಗಿನವರ ಭಯವೂ ಸುಳ್ಳಲ್ಲ. ನೀರು ಹೆಚ್ಚಾದರೂ ಪೆಟ್ಟು ಅವರಿಗೇ: 1903ರ ನವೆಂಬರಿನಲ್ಲಿ ಪಾಲಾರ್ ಮೇಲಿನ ಕೆರೆಗಳು ಒಡೆದು ವಾಣಿಯಂಬಾಡಿಗೆ ಪ್ರವಾಹ ನುಗ್ಗಿ ಜನ ಸತ್ತರು.

ನೂರು ವರ್ಷ ದಾಟಿದ ಮೇಲೆ ಆ ಕಾಗದ ನಮ್ಮ ತಾಲ್ಲೂಕಿಗೇ ಬಂತು. ಮಾರ್ಕಂಡೇಯ ಹೊಳೆಗೆ ಯರಗೋಳದ ಬಳಿ ಎರಡು ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಿ ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ 45 ಹಳ್ಳಿಗಳಿಗೂ ಕುಡಿಯುವ ನೀರು ಕೊಡುವ ಯೋಜನೆ ಅದು. ಸಾಮರ್ಥ್ಯ ಅರ್ಧ ಟಿ.ಎಂ.ಸಿ. ಕೃಷ್ಣಗಿರಿ ಕಡೆಯ ರೈತರಿಗೆ ನೀರು ತಪ್ಪುತ್ತದೆಂದು ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರ್ 14ರಂದು ಕೋರ್ಟು ಅವರ ಮಧ್ಯಂತರ ಅರ್ಜಿಯನ್ನು ವಜಾ ಮಾಡಿತು. 2023ರ ನವೆಂಬರಿನಲ್ಲಿ ಯೋಜನೆಯ ಉದ್ಘಾಟನೆಯಾಯಿತು. ಸಾವಿರ ಅಡಿ ಬೋರ್ ಕೊರೆದರೂ ಧೂಳು ಬರುವ ಜಿಲ್ಲೆಗೆ ಇದು ನ್ಯಾಯವಾಗಿಯೇ ಬಂದದ್ದು ಎಂಬುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ವ್ಯಾಜ್ಯದಲ್ಲಿ ವಾದ ನಡೆದದ್ದು ಮನುಷ್ಯರ ನಡುವೆ. ಅದೇ ಗಡಿಯ ಕಾಡಿನಲ್ಲಿ ಇನ್ನೊಂದು ಕುಟುಂಬ ಓಡಾಡುತ್ತಿತ್ತು. ಆಂಧ್ರದ ಚಿತ್ತೂರು ಕಡೆ ಸುಮಾರು ಇನ್ನೂರು ವರ್ಷ ಕಾಣದೇ ಇದ್ದ ಆನೆಗಳು 1980ರ ದಶಕದಲ್ಲಿ ತಮಿಳುನಾಡಿನ ಹೊಸೂರು, ಧರ್ಮಪುರಿ ಕಾಡುಗಳಿಂದ ಬಂದು ನೆಲೆ ನಿಂತವು. 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿ ಧಾಮವಾಯಿತು. ಆ ಕೌಂಡಿನ್ಯ ಹೊಳೆಯೂ ಪಾಲಾರಿನದೇ ಉಪನದಿ. ಅಲ್ಲಿಂದಲೂ ತಮಿಳುನಾಡಿನಿಂದಲೂ ಕಾಮಸಮುದ್ರ, ಬೂದಿಕೋಟೆ ಕಡೆಗೆ ಹಿಂಡುಗಳು ಬರುತ್ತವೆ. ಕೋಲಾರವನ್ನೇ ಮೊದಲ ರಾಜಧಾನಿ ಮಾಡಿಕೊಂಡಿದ್ದ ಗಂಗರ ಲಾಂಛನ ಆನೆ. ಆದ್ದರಿಂದ ಈ ಪ್ರಾಣಿ ಈ ನೆಲಕ್ಕೆ ತೀರಾ ಹೊರಗಿನದು ಅನ್ನಲಾಗದು. 1977ರಿಂದ ಆನೆ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಆದರೆ ಯಾವ ನದಿ ಒಪ್ಪಂದದಲ್ಲೂ ಅದಕ್ಕೆ ಪಾಲಿಲ್ಲ.

ಪಾಲು ಎಷ್ಟು ಬೇಕು? ದೊಡ್ಡ ಆನೆಯೊಂದು ದಿನಕ್ಕೆ 150ರಿಂದ 200 ಲೀಟರ್ ಕುಡಿಯುತ್ತದೆ. ಅಂದರೆ ಕರೆಯುವ ಎರಡು ಮೂರು ಸೀಮೆಹಸು ಕುಡಿಯುವಷ್ಟು. ಮೂವತ್ತು ಆನೆಯ ಹಿಂಡು ವರ್ಷವಿಡೀ ಇಲ್ಲೇ ಇದ್ದರೂ ಲೆಕ್ಕ 22 ಲಕ್ಷ ಲೀಟರ್ ಮುಟ್ಟುವುದಿಲ್ಲ. ಯರಗೋಳದ ಅರ್ಧ ಟಿ.ಎಂ.ಸಿ. ಅಂದರೆ ಸುಮಾರು 1,416 ಕೋಟಿ ಲೀಟರ್. ಆರು ಸಾವಿರದಲ್ಲಿ ಒಂದು ಪಾಲೂ ಆಗಲಿಲ್ಲ. ತೊಂದರೆ ಇರುವುದು ಅಳತೆಯಲ್ಲಲ್ಲ, ಜಾಗದಲ್ಲಿ ಮತ್ತು ತಿಂಗಳಲ್ಲಿ. ಬೇಸಿಗೆಯಲ್ಲಿ ಕಾಡಿನೊಳಗಿನ ಮಡು ಒಣಗಿದರೆ ಆನೆ ನಮ್ಮ ಕೃಷಿಹೊಂಡಕ್ಕೆ ಬರುತ್ತದೆ, ದಾರಿಯಲ್ಲಿ ಟೊಮ್ಯಾಟೊ, ಬಾಳೆ, ರಾಗಿ ತುಳಿಯುತ್ತದೆ. ರಾತ್ರಿ ಪಂಪು ಹಾಕಲು ಹೋದವರ ಪ್ರಾಣ ಹೋಗಿದೆ, ಕರೆಂಟು ತಗುಲಿ ಆನೆಗಳೂ ಸತ್ತಿವೆ. ಬೆಳೆ ಪರಿಹಾರದ ಅರ್ಜಿ ಹಿಡಿದು ಅಲೆದ ಸದಸ್ಯರಿಗೆ ಆನೆ ಉಳಿಯಲಿ ಎಂದು ಉಪದೇಶ ಮಾಡುವುದು ಸುಲಭವಲ್ಲ.

ಅಮೆರಿಕದಲ್ಲೂ ಇದೇ ಜಗಳ ಆಗಿದೆ. ಕ್ಲಾಮತ್ ಎಂಬ ನದಿಯಲ್ಲಿ ಅಳಿವಿನಂಚಿನ ಮೀನುಗಳಿಗಾಗಿ 2001ರ ಬರಗಾಲದಲ್ಲಿ ಸರ್ಕಾರ ರೈತರ ನಾಲೆ ಮುಚ್ಚಿತು; ಸಾವಿರಕ್ಕೂ ಹೆಚ್ಚು ಕುಟುಂಬಗಳ ಹೊಲ ಒಣಗಿತು. ಮಾರನೇ ವರ್ಷ ರೈತರಿಗೆ ನೀರು ಬಿಟ್ಟರು, ಹೊಳೆಯ ಕೆಳಭಾಗದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮೀನು ಸತ್ತವು, ಮೀನನ್ನೇ ನಂಬಿದ್ದ ಆದಿವಾಸಿಗಳು ಅತ್ತರು. ಪಾಲನ್ನು ಮೊದಲೇ ಗೊತ್ತುಮಾಡದೆ ಬರ ಬಂದ ಮೇಲೆ ಕುಳಿತರೆ ಹೀಗೇ.

ನಮ್ಮ ಹಿರಿಯರಿಗೆ ಈ ಗೊತ್ತುಮಾಡುವ ಕೆಲಸ ತಿಳಿದಿತ್ತು. ನೀರು ಕಡಿಮೆಯಾದ ವರ್ಷ ದಾಮಾಷಾ ಅಂತ ಮಾಡಿ, ಎಲ್ಲರೂ ಅವರವರ ಹಿಡುವಳಿಗೆ ತಕ್ಕಷ್ಟು ಮಾತ್ರ ಬೆಳೆ ಇಡುತ್ತಿದ್ದರು. ನೀರುಗಂಟಿ ಹೇಳಿದ್ದೇ ಕೊನೆ. ತೂಬಿಗಿಂತ ಕೆಳಗೆ ನಿಂತ ನೀರು ದನಕರುಗಳಿಗೆ. ಅದಕ್ಕೆ ಅಚ್ಚುಕಟ್ಟಿನವರು ಕೈ ಹಾಕುತ್ತಿರಲಿಲ್ಲ. ಡೀಸೆಲ್ ಪಂಪು ಬಂದ ಮೇಲೆ ಆ ಕಟ್ಟಳೆ ಹೋಯಿತು.

2012ರ ರಾಷ್ಟ್ರೀಯ ಜಲನೀತಿಯೂ ನದಿಯ ಹರಿವಿನಲ್ಲಿ ಒಂದು ಭಾಗವನ್ನು ನದಿಗೇ, ಅದರ ಜೀವಿಗಳಿಗೇ ಬಿಡಬೇಕು ಅನ್ನುತ್ತದೆ. ಯರಗೋಳದಿಂದ ಫೆಬ್ರವರಿಯಿಂದ ಮೇ ತನಕ ಹೊಳೆಗೆ ಎಷ್ಟು ಬಿಡುತ್ತಾರೆ, ಕಾಡಂಚಿನ ಯಾವ ಯಾವ ಕುಂಟೆಯ ಹೂಳು ತೆಗೆಸಿ ತೂಬಿನ ಕೆಳಗಿನ ನೀರನ್ನು ಮುಟ್ಟದೆ ಇಡುತ್ತಾರೆ, ಹಗಲಲ್ಲೇ ತ್ರೀ ಫೇಸ್ ಕರೆಂಟು ಎಷ್ಟು ಗಂಟೆ ಕೊಡುತ್ತಾರೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳಬೇಕಾಗಿದೆ. ಅರ್ಜಿಯ ಕರಡು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಹಾಲು ಹಾಕಲು ಬಂದಾಗ ಓದಿ, ಸೇರಿಸಬೇಕಾದ್ದು ಇದ್ದರೆ ಕಾರ್ಯದರ್ಶಿಯವರಿಗೆ ಹೇಳಿರಿ.