ಎಂಜಿನ್ ತೈಲದ ರಂಜಕ: ಎಂಜಿನ್ನಿಗೆ ರಕ್ಷೆ, ಹೊಗೆಶುದ್ಧಿಗೆ ಅಡ್ಡಿ

ಎಂಜಿನ್ ತೈಲದಲ್ಲಿ ಸವೆತ ತಡೆಯಲು ಬೆರೆಸುವ ಮುಖ್ಯ ವಸ್ತು ಸತು, ರಂಜಕ ಮತ್ತು ಗಂಧಕಗಳುಳ್ಳ ಝಡ್‌ಡಿಡಿಪಿ. 1940ರ ದಶಕದಿಂದ ಬಳಕೆಯಲ್ಲಿರುವ ಇದು ಉಜ್ಜುವಿಕೆಯ ಬಿಸಿಗೆ ಒಡೆದು, ಕ್ಯಾಮ್ ಮುಂತಾದ ಭಾಗಗಳ ಮೇಲೆ ತೆಳುವಾದ ರಕ್ಷಾಪದರವನ್ನು ಕಟ್ಟುತ್ತದೆ.

ಆದರೆ ಅಲ್ಪಸ್ವಲ್ಪ ತೈಲ ಉರಿದಾಗ ರಂಜಕವು ಹೊಗೆಯೊಡನೆ ಸಾಗಿ ಕ್ಯಾಟಲಿಟಿಕ್ ಕನ್ವರ್ಟರಿನ ಅಮೂಲ್ಯ ಲೋಹಗಳನ್ನು ಮುಚ್ಚುತ್ತದೆ. ವಿಷಾನಿಲಗಳ ಶುದ್ಧೀಕರಣ ಕುಂದುತ್ತದೆ. ಡೀಸೆಲ್ ವಾಹನದ ಮಸಿ ಸೋಸುವ ಫಿಲ್ಟರಿನಲ್ಲಿ ಸತುವಿನ ಬೂದಿ ಶೇಖರವಾಗುತ್ತದೆ. ಮಸಿಯಂತೆ ಅದು ಸುಟ್ಟುಹೋಗದು. ಆದ್ದರಿಂದಲೇ 2004ರ ಎಪಿಐ ಎಸ್‌ಎಂ ದರ್ಜೆಯು ತೆಳು ತೈಲಗಳಲ್ಲಿ ರಂಜಕವನ್ನು ಶೇ. 0.06ರಿಂದ 0.08ರೊಳಗೆ ಮಿತಗೊಳಿಸಿತು.

ಭಾರತ್ ಸ್ಟೇಜ್-6 ನಿಯಮ 2020ರ ಏಪ್ರಿಲ್‌ನಲ್ಲಿ ದೇಶವ್ಯಾಪಿಯಾಯಿತು. ಅಂತಹ ವಾಹನಕ್ಕೆ ಕೈಪಿಡಿ ಸೂಚಿಸಿದ ದರ್ಜೆಯ ತೈಲವನ್ನೇ ಹಾಕಿಸಿ, ಹೆಚ್ಚುವರಿ ಸವೆತ ನಿರೋಧಕಗಳನ್ನು ಸುರಿಸದಿರಿ ಎಂಬುದು ನಮ್ಮ ವಿನಂತಿ. ಮಹಾನಗರದ ಗಾಳಿಯನ್ನು ಉಸಿರಾಡುವವರು ನಾವೇ ಅಲ್ಲವೇ?