ಬೆಸಿಲಿಕಾದ ನೆಲದ ಮೇಲೆ ಸೂರ್ಯ
ಸಾನ್ ಪೆಟ್ರೋನಿಯೊ ಬೆಸಿಲಿಕಾ, ಬೊಲೊನ್ಯಾ, ಇಟಲಿ

ಯೋಹಾನನ ಸುವಾರ್ತೆ ಕ್ರಿಸ್ತನನ್ನು ಬೆಳಕೆಂದು ಕರೆಯುತ್ತದೆ. ಈ ದೇವಾಲಯದಲ್ಲಿ ಅದೇ ಬೆಳಕು ಅಳತೆಗೋಲೂ ಆಯಿತು.

ಈಸ್ಟರ್ ಹಬ್ಬದ ದಿನ ಗೊತ್ತುಪಡಿಸಲು ವಸಂತ ವಿಷುವತ್ತಿನ ಕಾಲ ನಿಖರವಾಗಿ ತಿಳಿಯಬೇಕು. ಅದಕ್ಕಾಗಿ ಖಗೋಳಜ್ಞ ಜೊವಾನಿ ದೊಮೆನಿಕೊ ಕಸ್ಸೀನಿ 1655ರಲ್ಲಿ ನೆಲದಿಂದ ಸುಮಾರು 27 ಮೀಟರ್ ಎತ್ತರದ ಛಾವಣಿಯಲ್ಲಿ ಸಣ್ಣ ರಂಧ್ರ ಮಾಡಿಸಿ, ಕೆಳಗೆ ಉತ್ತರ ದಕ್ಷಿಣವಾಗಿ ಸುಮಾರು 67 ಮೀಟರ್ ಉದ್ದದ ರೇಖೆ ಹಾಕಿಸಿದ. ನಡುಹಗಲಿನಲ್ಲಿ ಸೂರ್ಯನ ಬಿಂಬ ಈ ರೇಖೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ರಂಧ್ರದ ಸಮೀಪ, ಚಳಿಗಾಲದಲ್ಲಿ ಬಹುದೂರ.

ಸೂರ್ಯನ ದೂರ ಹೇಗೆ ಬದಲಾಗುತ್ತದೆಂದು ತಿಳಿಯಲು ಕಸ್ಸೀನಿ ಬಿಂಬದ ಅಗಲವನ್ನೂ ಅಳೆದ. ಚಳಿಗಾಲದಲ್ಲಿ ಸೂರ್ಯ ಬೇಗ ಸಾಗುವಂತೆ ಕಾಣುವುದಕ್ಕೆ ಸಾಮೀಪ್ಯವೊಂದೇ ಕಾರಣವಲ್ಲ, ವೇಗವೇ ನಿಜವಾಗಿ ಬದಲಾಗುತ್ತದೆ ಎಂಬ ಖಗೋಳಜ್ಞ ಕೆಪ್ಲರನ ಸಿದ್ಧಾಂತಕ್ಕೆ ಆ ಅಳತೆಗಳು ಬಲ ಕೊಟ್ಟವು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದದ್ದಕ್ಕೆ ಚರ್ಚ್ ಗೆಲಿಲಿಯೊನ ವಿಚಾರಣೆ ನಡೆಸಿದ್ದು 1633ರಲ್ಲಿ. ಅದಾಗಿ ಕೆಲವೇ ದಶಕಗಳಲ್ಲಿ ಪ್ರಾರ್ಥನಾ ಮಂದಿರವೊಂದು ಖಗೋಳ ವೀಕ್ಷಣಾಲಯವಾಗಿ ಕೆಲಸ ಮಾಡಿದ್ದು ಯುರೋಪಿನ ಚರಿತ್ರೆಯಲ್ಲಿ ಬಹಳ ದೊಡ್ಡ ಸಂಗತಿ.

ಬಿಸಿಲಿರುವ ದಿನ ನಡುಹಗಲಿಗೆ ಬನ್ನಿ. ಬಿಂಬ ಹಾಯುವಾಗ ದಯವಿಟ್ಟು ರೇಖೆಯನ್ನು ತುಳಿಯಬೇಡಿ.