ಸಾಂಬಾ: ಎರಡು ವ್ಯವಸ್ಥೆಗಳ ನಡುವಿನ ಪಾಸ್‌ವರ್ಡ್‌ನ ಇತಿಹಾಸ

ವಿಂಡೋಸ್ ಕಂಪ್ಯೂಟರಿನಲ್ಲಿ ಕುಳಿತು ಯುನಿಕ್ಸ್ ಅಥವಾ ಲಿನಕ್ಸ್ ಯಂತ್ರದ ಫೋಲ್ಡರನ್ನು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ತೆರೆಯುವುದು ಇಂದು ಕಚೇರಿಗಳ ನಿತ್ಯದ ಕೆಲಸವಾಗಿದ್ದರೂ, ಅದು ಸಲೀಸಾಗಲು ಹಲವು ವರ್ಷಗಳೇ ಹಿಡಿದವು. ಈ ವಿಳಂಬಕ್ಕೆ ತಾಂತ್ರಿಕ ತೊಡಕುಗಳಿಗಿಂತ ಹೆಚ್ಚಾಗಿ, ಯಂತ್ರಗಳು ಪರಸ್ಪರ ಮಾತಾಡುವ ನಿಯಮಗಳ ಪೂರ್ಣ ವಿವರ ಬಹುಕಾಲ ಹೊರಗಿನವರ ಕೈಗೆ ಸಿಗದಿದ್ದದ್ದೇ ಕಾರಣ.

ಈ ನಿಯಮಗಳ ಮೂಲ 1980ರ ದಶಕದ ಆರಂಭದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ‘ಸರ್ವರ್ ಮೆಸೇಜ್ ಬ್ಲಾಕ್’ ಎಂಬ ಪ್ರೋಟೊಕಾಲ್, ಅಂದರೆ ನೆಟ್‌ವರ್ಕ್‌ನಲ್ಲಿ ಕಡತ ಕೇಳುವ ಮತ್ತು ಕೊಡುವ ಕ್ರಮ. ಮೈಕ್ರೋಸಾಫ್ಟ್ ಅದನ್ನು ತನ್ನ ಲ್ಯಾನ್ ಮ್ಯಾನೇಜರ್ ಎಂಬ ನೆಟ್‌ವರ್ಕ್ ತಂತ್ರಾಂಶದಲ್ಲಿ ಅಳವಡಿಸಿಕೊಂಡು ಬೆಳೆಸಿತು. ಯುನಿಕ್ಸ್ ಲೋಕದಲ್ಲಿ ಸನ್ ಕಂಪನಿ 1984ರಲ್ಲಿ ತಂದ ಎನ್‌ಎಫ್‌ಎಸ್ ಎಂಬ ಕಡತ ಹಂಚುವ ವ್ಯವಸ್ಥೆ ಬಳಕೆಯಲ್ಲಿತ್ತು. ಅದು ಆರಂಭದಲ್ಲಿ ಪಾಸ್‌ವರ್ಡ್ ಕೇಳದೆ, ಎದುರಿನ ಯಂತ್ರ ಹೇಳಿದ ಬಳಕೆದಾರರ ಸಂಖ್ಯೆಯನ್ನೇ ನಂಬುತ್ತಿತ್ತು.

ಈ ಎರಡು ಲೋಕಗಳನ್ನೂ ಬೆಸೆಯುವ ಕೆಲಸ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಶುರುವಾಯಿತು. ಅಲ್ಲಿನ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಡ್ಜೆಲ್, ಸರ್ವರ್ ಮೆಸೇಜ್ ಬ್ಲಾಕ್ ಬಳಸುತ್ತಿದ್ದ ಡಿಇಸಿ ಕಂಪನಿಯ ಪಾಥ್‌ವರ್ಕ್ಸ್ ತಂತ್ರಾಂಶ ತಂತಿಯ ಮೇಲೆ ಕಳಿಸುತ್ತಿದ್ದ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಗಮನಿಸಿ, ಯಾವ ಪ್ರಶ್ನೆಗೆ ಯಾವ ಉತ್ತರ ಬರುತ್ತದೆ ಎಂಬುದನ್ನು ಊಹಿಸುತ್ತಾ, ಯುನಿಕ್ಸ್‌ನಲ್ಲಿ ಓಡುವ ಸರ್ವರೊಂದನ್ನು ಬರೆದು 1992ರ ಜನವರಿಯಲ್ಲಿ ಬಿಡುಗಡೆ ಮಾಡಿದರು. ಅದೇ ಮುಂದೆ ಸಾಂಬಾ ಎಂದು ಹೆಸರಾಯಿತು. ತಾಳ್ಮೆಯ ಗಮನಿಕೆಯೊಂದನ್ನೇ ನೆಚ್ಚಿ ನಡೆದ ಈ ಕೆಲಸಕ್ಕೆ ಕಂಪ್ಯೂಟರ್ ಇತಿಹಾಸದಲ್ಲಿ ಸಿಕ್ಕಿರುವ ಮನ್ನಣೆ ಕಡಿಮೆಯೆಂದೇ ಹೇಳಬೇಕು.

ಕಡತ ಕೊಡುವುದಕ್ಕಿಂತ ಪಾಸ್‌ವರ್ಡ್ ಪರಿಶೀಲಿಸುವುದೇ ಕಠಿಣವಾಗಿತ್ತು. ಯುನಿಕ್ಸ್ ಪಾಸ್‌ವರ್ಡನ್ನು ಹಾಗೆಯೇ ಇಟ್ಟುಕೊಳ್ಳದೆ, ಮರಳಿ ಮೂಲಕ್ಕೆ ತರಲಾಗದ ಗೂಢರೂಪದಲ್ಲಿ, ಅಂದರೆ ಹ್ಯಾಶ್ ಆಗಿ, ಉಳಿಸುತ್ತದೆ. ಲ್ಯಾನ್ ಮ್ಯಾನೇಜರ್ ಹ್ಯಾಶ್ ತಯಾರಿಸುವ ಬಗೆಯೇ ಬೇರೆ: ಪಾಸ್‌ವರ್ಡ್‌ನ ಇಂಗ್ಲಿಷ್ ಅಕ್ಷರಗಳನ್ನೆಲ್ಲ ದೊಡ್ಡಕ್ಷರ ಮಾಡಿ, 14 ಅಕ್ಷರಕ್ಕೆ ಹೊಂದಿಸಿ, ಏಳೇಳರ ಎರಡು ತುಂಡು ಮಾಡಿ, ಪ್ರತಿ ತುಂಡಿನಿಂದ ಪ್ರತ್ಯೇಕ ಹ್ಯಾಶ್ ಪಡೆಯುತ್ತಿತ್ತು. ಪಾಸ್‌ವರ್ಡ್ ಏಳಕ್ಷರ ಮೀರದಿದ್ದರೆ ಎರಡನೆಯ ತುಂಡು ಖಾಲಿಯಾಗಿ, ಫಲಿತಾಂಶದ ಉತ್ತರಾರ್ಧ ಯಾವಾಗಲೂ ‘ಎಎಡಿ3ಬಿ435ಬಿ51404ಇಇ’ ಎಂದೇ ಬರುತ್ತಿತ್ತು. ಅದನ್ನು ಕಂಡ ಯಾರಿಗಾದರೂ ಪಾಸ್‌ವರ್ಡ್ ಚಿಕ್ಕದೆಂದು ತಿಳಿದುಬಿಡುತ್ತಿತ್ತು. ಸರ್ವರ್ ಒಂದು ಯಾದೃಚ್ಛಿಕ ಸಂಖ್ಯೆ ಕಳಿಸಿ, ಬಳಕೆದಾರನ ಯಂತ್ರ ಅದನ್ನು ಈ ಹ್ಯಾಶ್‌ನಿಂದ ಗೂಢಲಿಪೀಕರಿಸಿ ಹಿಂದಿರುಗಿಸಿದರೆ, ಪಾಸ್‌ವರ್ಡ್ ತಂತಿಯ ಮೇಲೆ ಹಾಯುವ ಅಗತ್ಯವೇ ಇರಲಿಲ್ಲ. ಆದರೆ ಯುನಿಕ್ಸ್ ಬಳಿಯಿದ್ದ ಹ್ಯಾಶ್‌ನಿಂದ ಈ ಉತ್ತರವನ್ನು ತಾಳೆ ನೋಡುವುದು ಅಸಾಧ್ಯವಾಗಿತ್ತು.

ಹೀಗಾಗಿ ಸಾಂಬಾ ಮುಂದೆ ಉಳಿದದ್ದು ಎರಡೇ ದಾರಿ. ಮೊದಲನೆಯದು, ಪಾಸ್‌ವರ್ಡನ್ನು ಬಯಲಾಗಿಯೇ ತರಿಸಿಕೊಳ್ಳುವುದು. ಆದರೆ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್‌ನಂಥ ಆವೃತ್ತಿಗಳು ಅದನ್ನೂ ದೊಡ್ಡಕ್ಷರ ಮಾಡಿ ಕಳಿಸುತ್ತಿದ್ದುದರಿಂದ, ಸಾಂಬಾ ಅಕ್ಷರಗಳನ್ನು ಚಿಕ್ಕದಾಗಿ, ದೊಡ್ಡದಾಗಿ ಬದಲಾಯಿಸುತ್ತಾ ಸರಿಯಾದ ರೂಪವನ್ನು ಹುಡುಕಬೇಕಾಗುತ್ತಿತ್ತು. ಎರಡನೆಯದು, ವಿಂಡೋಸ್ ಹ್ಯಾಶ್‌ಗಳಿಗಾಗಿಯೇ ಬೇರೊಂದು ಕಡತ ಇಡುವುದು. ಅದನ್ನು ಕದ್ದವರು ಮೂಲ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಒಳಹೋಗಬಹುದಾದ್ದರಿಂದ ಅದನ್ನು ಅತಿ ಜೋಪಾನವಾಗಿ ಕಾಯಬೇಕಿತ್ತು. 1997ರಲ್ಲಿ ವಿಂಡೋಸ್ ಎನ್‌ಟಿ 4.0ರ ಮೂರನೆಯ ಸರ್ವಿಸ್ ಪ್ಯಾಕ್ ಬಯಲು ಪಾಸ್‌ವರ್ಡ್ ಕಳಿಸುವುದನ್ನು ತಾನಾಗಿಯೇ ನಿಲ್ಲಿಸಿದಾಗ, ಮೊದಲ ದಾರಿ ಹಿಡಿದಿದ್ದ ಸರ್ವರ್‌ಗಳ ಫೋಲ್ಡರುಗಳು ಅಂಥ ಯಂತ್ರಗಳಿಂದ ತೆರೆಯದಾದವು. ಭದ್ರತೆಯ ದೃಷ್ಟಿಯಿಂದ ಆ ನಿರ್ಧಾರ ಸರಿಯೇ ಆಗಿತ್ತು. ನಿರ್ವಾಹಕರು ಮಾತ್ರ ಹ್ಯಾಶ್ ಕಡತಕ್ಕೆ ಬದಲಾಗಬೇಕಾಯಿತು, ಇಲ್ಲವೇ ಪ್ರತಿ ಯಂತ್ರದ ರಿಜಿಸ್ಟ್ರಿಯನ್ನು, ಅಂದರೆ ವಿಂಡೋಸ್‌ನ ಆಂತರಿಕ ಸೆಟ್ಟಿಂಗ್‌ಗಳನ್ನು, ತಿದ್ದಬೇಕಾಯಿತು.

ನಿಯಮಗಳು ಅಧಿಕೃತವಾಗಿ ಹೊರಬಂದದ್ದು ಕಾನೂನಿನ ಬಲದಿಂದ. ಸರ್ವರ್‌ಗಳ ಹೊಂದಾಣಿಕೆಗೆ ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ಪ್ರತಿಸ್ಪರ್ಧಿಗಳಿಗೆ ಕೊಡಬೇಕೆಂದು ಯುರೋಪಿಯನ್ ಕಮಿಷನ್ 2004ರಲ್ಲಿ ಆದೇಶಿಸಿತು. 2007ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದೇ ಬಾರಿಯ 10,000 ಯೂರೋ ಶುಲ್ಕಕ್ಕೆ ಸಾಂಬಾ ತಂಡಕ್ಕೆ ಆ ದಾಖಲೆಗಳು ದೊರೆತವು. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4.0, ಮೈಕ್ರೋಸಾಫ್ಟ್‌ನ ಅಧಿಕೃತ ದಾಖಲೆಗಳ ನೆರವಿನಿಂದಲೇ ಸಿದ್ಧವಾಗಿತ್ತು.